ಬೆಟ್ಟಕ್ಕೆ ಬರುವ ರೈಲು ಯಾರಿಗಾಗಿ ನಿಲ್ಲಬೇಕು?

ಕೊಯ್ಲಿನ ದಿನಗಳಲ್ಲಿ ಶನಿವಾರ ಸಂಜೆ ಕಾಫಿ ಚೀಲ ಹೇರಿಕೊಂಡು ತೋಟದ ದಾರಿಯಿಂದ ಮುಖ್ಯರಸ್ತೆಗೆ ಬಂದವರಿಗೆ ಒಂದು ಮಾತು ಹೇಳಬೇಕಾಗಿಲ್ಲ. ಬೆಂಗಳೂರಿನ ಕಡೆಯಿಂದ ಬರುವ ಕಾರುಗಳ ಸಾಲು ಮುಗಿಯುವುದಿಲ್ಲ, ನಮ್ಮ ಗಾಡಿ ರಸ್ತೆಗೆ ಹತ್ತುವುದಿಲ್ಲ. ಸೋಮವಾರ ಬೆಳಿಗ್ಗೆ ನೋಡಿದರೆ ರಸ್ತೆಯ ಅಂಚಿನ ಚರಂಡಿಯಲ್ಲಿ ನೀರಿನ ಬಾಟಲಿಗಳು, ನಮ್ಮ ಬೇಲಿಯಲ್ಲಿ ಪ್ಲಾಸ್ಟಿಕ್ ಚೀಲಗಳು. ಪ್ರವಾಸಿಗರು ಬರುವುದೇ ಬೇಡವೆಂದು ನಾವು ಹೇಳುವವರಲ್ಲ. ನಮ್ಮ ಸದಸ್ಯರಲ್ಲೇ ಹಲವರು ಎರಡು ಕೋಣೆ ಕಟ್ಟಿಸಿ ಅತಿಥಿಗಳನ್ನು ಇರಿಸಿಕೊಂಡಿದ್ದಾರೆ. ಬೆಲೆ ಬಿದ್ದ ವರ್ಷಗಳಲ್ಲಿ ಆ ಹಣವೇ ಮಕ್ಕಳ ಶುಲ್ಕಕ್ಕೆ ಒದಗಿದ್ದುಂಟು. ಆದರೆ ಬರುವವರು ಹೇಗೆ ಬರಬೇಕು, ಎಷ್ಟು ಬರಬೇಕು, ಅವರಿಗಾಗಿ ಮಾಡುವ ದಾರಿ ನಮಗೂ ದಾರಿಯಾಗಬೇಕೋ ಬೇಡವೋ ಎಂಬ ಪ್ರಶ್ನೆಗಳನ್ನು ನಾವು ಕೇಳಲೇಬೇಕಾದ ಕಾಲ ಬಂದಿದೆ.

ಈ ವಿಚಾರವನ್ನು ಈ ಸಂಚಿಕೆಯಲ್ಲಿ ಎತ್ತಿಕೊಳ್ಳಲು ಕಾರಣ ದೂರದ ಕೆನಡಾ ದೇಶದಲ್ಲಿ ಕೆಲವು ವರ್ಷಗಳಿಂದ ಚರ್ಚೆಯಲ್ಲಿರುವ ಒಂದು ರೈಲು ಯೋಜನೆ. ಕ್ಯಾಲ್ಗರಿ ನಗರದ ವಿಮಾನ ನಿಲ್ದಾಣದಿಂದ ಬ್ಯಾನ್ಫ್ ಎಂಬ ಬೆಟ್ಟದೂರಿಗೆ ಪ್ರಯಾಣಿಕರ ರೈಲು ಓಡಿಸಬೇಕೆಂಬುದು ಆ ಯೋಜನೆ. "ಕೆನಡಾದ ರೈಲಿಗೂ ನಮ್ಮ ಅಡಿಕೆ ತೋಟಕ್ಕೂ ಏನು ಸಂಬಂಧ?" ಎಂದು ಓದುಗರು ಕೇಳಬಹುದು. ಸಂಬಂಧವಿದೆ. ಮಲೆನಾಡಿಗೂ ಕೊಡಗಿಗೂ ರೈಲು ತರುವ ಮಾತು ನಮ್ಮಲ್ಲೂ ನಡೆದಿದೆ. ಅಲ್ಲಿನವರು ನೂರನಲವತ್ತು ವರ್ಷಗಳಲ್ಲಿ ಕಂಡುಂಡದ್ದನ್ನು ನಾವು ಮೊದಲೇ ತಿಳಿದುಕೊಂಡರೆ, ಬೆಂಕಿ ಬಿದ್ದಾಗ ಬಾವಿ ತೋಡುವ ಪಾಡು ತಪ್ಪೀತು.

ರೈಲು ಕಟ್ಟಿದ ಊರು

ಬ್ಯಾನ್ಫ್ ರಾಕಿ ಪರ್ವತಗಳ ನಡುವಿನ ಸಣ್ಣ ಪಟ್ಟಣ. 2021 ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ ಎಂಟು ಸಾವಿರದ ಆಸುಪಾಸು, ನಮ್ಮ ಒಂದು ದೊಡ್ಡ ಪಂಚಾಯಿತಿಯಷ್ಟು. ಆದರೆ ಅದನ್ನು ಸುತ್ತುವರಿದ ರಾಷ್ಟ್ರೀಯ ಉದ್ಯಾನಕ್ಕೆ ವರ್ಷಕ್ಕೆ 40 ಲಕ್ಷಕ್ಕೂ ಮಿಕ್ಕಿ ಜನ ಬರುತ್ತಾರೆ. ಹದಿಮೂರು ಲಕ್ಷಕ್ಕೂ ಹೆಚ್ಚು ಜನರಿರುವ ಕ್ಯಾಲ್ಗರಿ ನಗರ ಅಲ್ಲಿಂದ ಪೂರ್ವಕ್ಕೆ ಸುಮಾರು 130 ಕಿ.ಮೀ. ದೂರದಲ್ಲಿದೆ.

ಈ ಊರನ್ನು ಹುಟ್ಟಿಸಿದ್ದೇ ರೈಲು. 1883 ರಲ್ಲಿ ಹಳಿ ಹಾಕಲು ಬಂದ ಕೆಲಸಗಾರರು ಅಲ್ಲಿ ಬಿಸಿನೀರಿನ ಬುಗ್ಗೆಗಳನ್ನು ಕಂಡರು. 1885 ರಲ್ಲಿ ಸರ್ಕಾರ ಆ ಜಾಗವನ್ನು ಕಾಯ್ದಿರಿಸಿತು, 1887 ರಲ್ಲಿ ಅದು ಉದ್ಯಾನವಾಯಿತು. ಕೆನಡಿಯನ್ ಪೆಸಿಫಿಕ್ ರೈಲ್ವೆ ಕಂಪನಿಯು 1888 ರಲ್ಲಿ ಅಲ್ಲೊಂದು ಭಾರಿ ಹೋಟೆಲು ತೆರೆದು, ತನ್ನದೇ ರೈಲಿನಲ್ಲಿ ಪ್ರವಾಸಿಗರನ್ನು ಕರೆತಂದಿತು. ಒಂದು ನೂರು ವರ್ಷ ಹೀಗೆ ನಡೆಯಿತು. ನಡುವೆ ಹೆದ್ದಾರಿ ಬಂತು, ಕಾರು ಬಂತು, ರೈಲಿನಲ್ಲಿ ಜನ ಕಡಿಮೆಯಾದರು. 1990 ರ ಜನವರಿಯಲ್ಲಿ ಸರ್ಕಾರಿ ಸಂಸ್ಥೆಯಾದ ವಿಯಾ ರೈಲ್ ಖರ್ಚು ಇಳಿಸಲು ಆ ದಾರಿಯ ಪ್ರಯಾಣಿಕರ ರೈಲನ್ನೇ ನಿಲ್ಲಿಸಿತು.

ಹಳಿ ಮಾತ್ರ ಹಾಗೆಯೇ ಉಳಿಯಿತು. ಇಂದಿಗೂ ಅದರ ಮೇಲೆ ಮೈಲುದ್ದದ ಗೂಡ್ಸ್ ರೈಲುಗಳು ಓಡುತ್ತವೆ. ಬೇಸಗೆಯಲ್ಲಿ ವ್ಯಾಂಕೂವರಿನಿಂದ ಬ್ಯಾನ್ಫ್‌ವರೆಗೆ ಶ್ರೀಮಂತ ಪ್ರವಾಸಿಗರ ರಾಕಿ ಮೌಂಟನೀರ್ ಎಂಬ ವಿಲಾಸಿ ರೈಲೂ ಓಡುತ್ತದೆ. ಆದರೆ ಬ್ಯಾನ್ಫ್‌ನ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಆಳಿಗೆ ಕ್ಯಾಲ್ಗರಿಯಿಂದ ಬಂದು ಹೋಗಲು ರೈಲಿಲ್ಲ. ಊರ ನಡುವೆ ಹಳಿಯಿದ್ದೂ ಊರವರಿಗೆ ರೈಲಿಲ್ಲದ ಸ್ಥಿತಿ ಇದು. ಓದುಗರು ಇದನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ಈಗಿನ ಪ್ರಸ್ತಾಪ

ರೈಲು ಹೋದ ಮೇಲೆ ಊರು ಕಾರುಗಳಿಂದ ತುಂಬಿತು. ಸರೋವರಗಳ ಬಳಿ ಬೆಳಗಿನ ಜಾವಕ್ಕೇ ನಿಲುಗಡೆಯ ಜಾಗ ಮುಗಿಯತೊಡಗಿತು. ಕೊನೆಗೆ 2023 ರಿಂದ ಮೊರೇನ್ ಸರೋವರದ ರಸ್ತೆಯಲ್ಲಿ ಖಾಸಗಿ ಕಾರುಗಳನ್ನೇ ನಿಷೇಧಿಸಬೇಕಾಯಿತು. ಈಗ ಅಲ್ಲಿಗೆ ಬಸ್ಸಿನಲ್ಲಿಯೇ ಹೋಗಬೇಕು.

ಈ ಹಿನ್ನೆಲೆಯಲ್ಲಿ ರೈಲನ್ನು ಮರಳಿ ತರುವ ಪ್ರಸ್ತಾಪ ಹುಟ್ಟಿತು. ಬ್ಯಾನ್ಫ್ ರೈಲು ನಿಲ್ದಾಣವನ್ನು ದೀರ್ಘಾವಧಿ ಗುತ್ತಿಗೆಗೆ ಪಡೆದಿರುವ ಲಿರಿಕಾನ್ ಎಂಬ ಖಾಸಗಿ ಸಂಸ್ಥೆ ಇದರ ಮುಂದಾಳು. 2020 ರ ಜೂನ್ ತಿಂಗಳಲ್ಲಿ ಆಲ್ಬರ್ಟಾ ಪ್ರಾಂತ ಸರ್ಕಾರವೂ ಕೆನಡಾ ಮೂಲಸೌಕರ್ಯ ಬ್ಯಾಂಕೂ ಯೋಜನೆಯ ಅಧ್ಯಯನಕ್ಕೆ ಒಪ್ಪಂದ ಮಾಡಿಕೊಂಡವು. ವಿಮಾನ ನಿಲ್ದಾಣದಿಂದ ಬ್ಯಾನ್ಫ್‌ಗೆ ಸುಮಾರು 150 ಕಿ.ಮೀ. ದಾರಿ. ನಡುವೆ ಕ್ಯಾಲ್ಗರಿ ಪೇಟೆ, ಕಾಕ್ರೇನ್, ಮೂಲನಿವಾಸಿಗಳಾದ ಸ್ಟೋನಿ ನಕೋಡಾ ಜನರ ಮಾರ್ಲಿ, ಗಣಿಯ ಊರಾಗಿದ್ದು ಈಗ ಪ್ರವಾಸಿಗರ ಊರಾಗಿರುವ ಕ್ಯಾನ್‌ಮೋರ್ ಮುಂತಾದೆಡೆ ನಿಲುಗಡೆ. ಈಗಿರುವ ರೈಲ್ವೆ ಜಾಗದ ಒಳಗೇ ಗೂಡ್ಸ್ ಹಳಿಯ ಪಕ್ಕದಲ್ಲಿ ಪ್ರಯಾಣಿಕರಿಗಾಗಿ ಹೊಸ ಹಳಿ ಹಾಕುವುದು, ಜಲಜನಕದಿಂದ ಓಡುವ ರೈಲು ತರುವುದು ಅವರ ಯೋಚನೆ. ಖರ್ಚು ನೂರು ಕೋಟಿ ಡಾಲರಿಗೂ ಮೀರಿದ್ದು. 2024 ರ ಏಪ್ರಿಲ್‌ನಲ್ಲಿ ಪ್ರಾಂತ ಸರ್ಕಾರವು ಇಡೀ ಪ್ರಾಂತಕ್ಕೆ ಪ್ರಯಾಣಿಕ ರೈಲಿನ ಮಹಾಯೋಜನೆ ತಯಾರಿಸುವುದಾಗಿ ಪ್ರಕಟಿಸಿದಾಗ ಬ್ಯಾನ್ಫ್ ದಾರಿಯೂ ಅದರ ಲೆಕ್ಕದಲ್ಲಿತ್ತು.

ಈ ಯೋಜನೆಯಲ್ಲಿ ನಮಗೆ ಮೆಚ್ಚುಗೆಯಾದ ಅಂಶಗಳು ಎರಡು. ಮೊದಲನೆಯದು, ಹೊಸ ಕಾಡು, ಹೊಸ ಹೊಲ ಸೀಳದೆ ಇರುವ ರೈಲ್ವೆ ಜಾಗವನ್ನೇ ಬಳಸುವುದು. ಎರಡನೆಯದು, ವಿಮಾನದಿಂದ ಇಳಿದವರಿಗಷ್ಟೇ ಅಲ್ಲದೆ ದಾರಿಯ ಊರುಗಳಿಗೂ ನಿಲುಗಡೆ ಕೊಡುವುದು. ಮಾರ್ಲಿಯ ಮೂಲನಿವಾಸಿ ಹುಡುಗ ನಗರದ ಕಾಲೇಜಿಗೆ, ನಗರದ ಕೆಲಸಗಾರ ಬ್ಯಾನ್ಫ್‌ನ ಹೋಟೆಲಿಗೆ ಒಂದೇ ರೈಲಿನಲ್ಲಿ ಹೋಗಬಹುದಾದರೆ ಅದು ನಿಜವಾದ ರೈಲು.

ಅಲ್ಲಿ ಎದ್ದಿರುವ ಸಂಶಯಗಳು

ಸಂಶಯಗಳೂ ಇಲ್ಲದಿಲ್ಲ. ಮೊದಲನೆಯದಾಗಿ, ರೈಲು ಬಂದರೆ ಕಾರು ಕಡಿಮೆಯಾಗುತ್ತದೆಯೋ, ಅಥವಾ ಕಾರಿನ ಜನ ಕಾರಿನಲ್ಲಿಯೇ ಬಂದು ರೈಲಿನ ಜನ ಅವರ ಮೇಲೆ ಹೆಚ್ಚುವರಿಯಾಗಿ ಸೇರುತ್ತಾರೆಯೋ? ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಬಂದವರೆಲ್ಲರಿಗೂ ನೀರು, ಊಟ, ಮಲಗುವ ಜಾಗ, ಶೌಚದ ವ್ಯವಸ್ಥೆ ಬೇಕು. ರಸ್ತೆಯ ಕಾರುಗಳಿಗೆ ಮಿತಿ ಹಾಕದೆ ರೈಲು ತಂದರೆ ಭಾರ ಇಳಿಯುವ ಬದಲು ಏರುತ್ತದೆ.

ಎರಡನೆಯದು ಭೂಮಿಯ ಬೆಲೆ. ಬ್ಯಾನ್ಫ್ ಪಟ್ಟಣ ರಾಷ್ಟ್ರೀಯ ಉದ್ಯಾನದ ಒಳಗಿರುವುದರಿಂದ ಅಲ್ಲಿ ಊರಿನ ಎಲ್ಲೆ ಗೊತ್ತುಪಡಿಸಲಾಗಿದೆ, ವ್ಯಾಪಾರದ ಕಟ್ಟಡಗಳಿಗೆ ಮಿತಿಯಿದೆ. ಅಲ್ಲಿ ಕೆಲಸವೋ ವ್ಯವಹಾರವೋ ಇದ್ದವರು ಮಾತ್ರ ಮನೆ ಮಾಡಬಹುದು, ರಜೆಗೆ ಬರುವ ಧನಿಕ ಮನೆ ಕೊಂಡು ಬೀಗ ಹಾಕಿ ಹೋಗುವಂತಿಲ್ಲ. ಉದ್ಯಾನದ ಗಡಿಯ ಹೊರಗಿರುವ ಕ್ಯಾನ್‌ಮೋರ್‌ಗೆ ಈ ಕಟ್ಟು ಇಲ್ಲ. ಅಲ್ಲಿ ಮನೆಗಳ ಬೆಲೆ ಏರಿ, ದುಡಿಯುವ ಜನ ಊರಲ್ಲಿ ಬಾಡಿಗೆಗೆ ಇರುವುದೇ ಕಷ್ಟವಾಗಿದೆ. ಅಕ್ಕಪಕ್ಕದ ಎರಡು ಊರುಗಳ ಈ ವ್ಯತ್ಯಾಸವನ್ನು ನಾವು ಗಮನಿಸಬೇಕು.

ಮೂರನೆಯದು ಕಾಡುಪ್ರಾಣಿ. ಗೂಡ್ಸ್ ವ್ಯಾಗನ್ನುಗಳಿಂದ ಸೋರಿದ ಧಾನ್ಯ ತಿನ್ನಲು ಹಳಿಯ ಮೇಲೆ ಬರುವ ಕರಡಿಗಳು ರೈಲಿಗೆ ಸಿಕ್ಕಿ ಸಾಯುವುದು ಅಲ್ಲಿನ ಹಳೆಯ ಸಮಸ್ಯೆ. ಪಕ್ಕದ ಹೆದ್ದಾರಿಗೆ ಎರಡೂ ಬದಿ ಬೇಲಿ ಹಾಕಿ, ಪ್ರಾಣಿಗಳಿಗೆಂದೇ ಮೇಲುಸೇತುವೆ ಕೆಳಸೇತುವೆ ಸೇರಿ ನಲವತ್ತಕ್ಕೂ ಹೆಚ್ಚು ದಾಟುದಾರಿಗಳನ್ನು ಕಟ್ಟಿದ್ದಾರೆ. ಅದರಿಂದ ರಸ್ತೆಯಲ್ಲಿ ಸಾಯುವ ಪ್ರಾಣಿಗಳ ಸಂಖ್ಯೆ ಬಹಳ ಇಳಿಯಿತು. ಹಳಿಗೆ ಅಂಥ ಏರ್ಪಾಡು ಮಾಡದೆ ರೈಲುಗಳನ್ನು ಹೆಚ್ಚಿಸಬಹುದೇ ಎಂಬುದು ಅಲ್ಲಿನ ಪರಿಸರವಾದಿಗಳ ಪ್ರಶ್ನೆ. ಆನೆ ಕಾಟದ ಊರುಗಳಲ್ಲಿರುವ ನಮಗೆ ಈ ಪ್ರಶ್ನೆಯ ತೂಕ ಗೊತ್ತು.

ನಮ್ಮ ಕಡೆಯ ಮಾತು

ಈಗ ನಮ್ಮ ನಾಡಿಗೆ ಬರೋಣ. ರಾಜ್ಯದಲ್ಲಿ ರೈಲು ಹಳಿ ಕಾಣದ ಒಂದೇ ಜಿಲ್ಲೆ ಕೊಡಗು. ಮೈಸೂರಿನ ಬಳಿಯ ಬೆಳಗೊಳದಿಂದ ಹುಣಸೂರು, ಪಿರಿಯಾಪಟ್ಟಣದ ಮೇಲೆ ಕುಶಾಲನಗರಕ್ಕೆ ಸುಮಾರು 87 ಕಿ.ಮೀ. ಹಳಿ ಹಾಕುವ ಯೋಜನೆ ವರ್ಷಗಳಿಂದ ಕಾಗದದ ಮೇಲಿದೆ. ಕೊಡಗನ್ನು ಸೀಳಿ ತಲಶ್ಶೇರಿಗೆ ಹೋಗುವ ಇನ್ನೊಂದು ಪ್ರಸ್ತಾಪಕ್ಕೆ ಜಿಲ್ಲೆಯಲ್ಲಿ ಬಲವಾದ ವಿರೋಧ ಬಂದದ್ದು ಎಲ್ಲರಿಗೂ ತಿಳಿದದ್ದೇ. ಕಡೂರಿನಿಂದ ಚಿಕ್ಕಮಗಳೂರಿಗೆ 2013 ರಲ್ಲಿ ರೈಲು ಬಂತು.

ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಘಟ್ಟದ ಹಳಿ 1979 ರಷ್ಟು ಹಿಂದೆಯೇ ಆದದ್ದು. 55 ಕಿ.ಮೀ. ದಾರಿಯಲ್ಲಿ 57 ಸುರಂಗಗಳು, ಐವತ್ತು ಅಡಿಗೆ ಒಂದು ಅಡಿ ಏರು. ಹಳಿಯ ಅಗಲ ಬದಲಿಸಲೆಂದು 1996 ರಲ್ಲಿ ಮುಚ್ಚಿದ ಆ ದಾರಿಯಲ್ಲಿ ಮತ್ತೆ ಪ್ರಯಾಣಿಕರ ರೈಲು ಓಡಿದ್ದು 2007 ರ ಡಿಸೆಂಬರಿನಲ್ಲಿ. 2024 ರ ಜುಲೈ ಕೊನೆಯಲ್ಲಿ ಎಡಕುಮರಿ ಬಳಿ ಗುಡ್ಡ ಜರಿದಾಗ ದಿನಗಟ್ಟಲೆ ರೈಲುಗಳು ನಿಂತವು. ಘಟ್ಟವನ್ನು ಕಡಿದವರಿಗೆ ಘಟ್ಟ ಪ್ರತಿ ಮಳೆಗಾಲವೂ ಲೆಕ್ಕ ಕೇಳುತ್ತದೆ. 2018 ರ ಆಗಸ್ಟಿನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡಗಳು ತೋಟ ಮನೆಗಳ ಸಮೇತ ಜಾರಿದ್ದನ್ನು ನಾವು ಮರೆಯುವ ಹಾಗಿಲ್ಲ.

ವಿಮಾನ ನಿಲ್ದಾಣಕ್ಕೆ ರೈಲು ಎಂಬುದೂ ನಮಗೆ ಹೊಸದಲ್ಲ. ಬೆಂಗಳೂರು ವಿಮಾನ ನಿಲ್ದಾಣದ ಪಕ್ಕದಲ್ಲಿ 2021 ರ ಜನವರಿಯಲ್ಲಿ ಒಂದು ಹಾಲ್ಟ್ ನಿಲ್ದಾಣ ತೆರೆದರು. ಆದರೆ ಅಲ್ಲಿ ನಿಲ್ಲುವುದಾಗಿ ಹೊರಟದ್ದು ಬೆರಳೆಣಿಕೆಯ ರೈಲುಗಳು, ಇಳಿದ ಮೇಲೆ ಟರ್ಮಿನಲ್ ತಲುಪಲು ಮತ್ತೆ ಬಸ್ಸು ಹತ್ತಬೇಕು. ಹೀಗಾಗಿ ಜನ ಮೊದಲಿನಂತೆ ಕಾರು ಬಸ್ಸುಗಳನ್ನೇ ಹಿಡಿದರು. ಹಳಿ ಮತ್ತು ಪ್ಲಾಟ್‌ಫಾರಂ ಇದ್ದ ಮಾತ್ರಕ್ಕೆ ರೈಲು ಬಂದಂತೆ ಆಗುವುದಿಲ್ಲ. ವೇಳಾಪಟ್ಟಿಯೇ ರೈಲಿನ ಜೀವ.

ನಮ್ಮ ಸದಸ್ಯರಲ್ಲಿ ಎರಡು ಅಭಿಪ್ರಾಯಗಳಿವೆ. "ರೈಲು ಬಂದರೆ ಸಾಕು, ನಮ್ಮೂರು ಉದ್ಧಾರವಾಗುತ್ತದೆ" ಎನ್ನುವವರು ಕೆಲವರು. "ರೈಲೇ ಬೇಡ, ಮರ ಹೋಗುತ್ತದೆ, ತೋಟ ಹೋಗುತ್ತದೆ, ಜನಸಂದಣಿ ಬರುತ್ತದೆ" ಎನ್ನುವವರು ಇನ್ನು ಕೆಲವರು. ಎರಡನೆಯವರ ಭಯ ಸುಳ್ಳಲ್ಲ. ಆದರೆ ರೈಲು ಬರಲಿಲ್ಲವೆಂದು ಜನಸಂದಣಿ ನಿಂತಿದೆಯೇ? ರಸ್ತೆ ಅಗಲವಾಗುತ್ತಲೇ ಇದೆ, ರಸ್ತೆಗೂ ಮರ ಉರುಳುತ್ತಲೇ ಇದೆ. ಮೊದಲನೆಯವರಿಗೆ ನಾವು ಹೇಳುವುದು ಬ್ಯಾನ್ಫ್ ಕತೆಯನ್ನೇ: ಊರವರ ಮಾತು ನಡೆಯದ ಕಡೆ, ಹಳಿ ಊರ ನಡುವೆಯೇ ಇದ್ದರೂ ರೈಲು ಊರವರ ಪಾಲಿಗೆ ಇಲ್ಲದಂತೆ ಆಗಬಹುದು.

ಆದುದರಿಂದ ನಮ್ಮ ನಿಲುವು ಇಷ್ಟು. ರೈಲು ಬರಲಿ, ಆದರೆ ನಮ್ಮ ಷರತ್ತುಗಳ ಮೇಲೆ ಬರಲಿ.

ನಾವು ಕೇಳಬೇಕಾದದ್ದು

ಮೊದಲನೆಯದಾಗಿ, ಹಳಿಗಿಂತ ಮುಂಚೆ ವೇಳಾಪಟ್ಟಿಯ ಮಾತಾಗಲಿ. ಬೆಳಿಗ್ಗೆ ಕಾಲೇಜು, ಆಸ್ಪತ್ರೆ, ಕಚೇರಿಯ ಹೊತ್ತಿಗೆ ಒಂದು, ಸಂಜೆ ಹಿಂತಿರುಗಲು ಒಂದು ಸಾಮಾನ್ಯ ದರದ ರೈಲು ದಿನವೂ ಬೇಕು. ಸಣ್ಣ ಊರುಗಳಲ್ಲೂ ನಿಲ್ಲಬೇಕು. 2021 ರಲ್ಲಿ ಘಟ್ಟದ ದಾರಿಗೆ ಗಾಜಿನ ಮಾಡಿನ ಬೋಗಿ ಬಂದದ್ದು ಸಂತೋಷವೇ. ಆದರೆ ಅದರ ಜೊತೆಗೆ ಕೊನೆಗಾರನೂ ಕಾಲೇಜಿನ ಹುಡುಗಿಯೂ ಹತ್ತುವ ಬೋಗಿ ಇರಲೇಬೇಕು.

ಎರಡನೆಯದಾಗಿ, ಸರಕು. ಈ ಕಾಲದ ರೈಲ್ವೆ ಗೂಡ್ಸ್ ಎಂದರೆ ಇಡೀ ರೇಕ್ ಲೆಕ್ಕ, ಹತ್ತು ಚೀಲ ಕಾಫಿ ಇರುವವನಿಗೆ ಅದು ಕೈಗೆಟುಕುವುದಿಲ್ಲ. ಆದರೆ ನಿಲ್ದಾಣದಲ್ಲಿ ಗೂಡ್ಸ್ ಶೆಡ್ಡೂ ಪ್ರಯಾಣಿಕರ ರೈಲಿಗೆ ಪಾರ್ಸೆಲ್ ಬೋಗಿಯೂ ಇದ್ದರೆ, ಸಹಕಾರ ಸಂಘಗಳು ಸದಸ್ಯರ ಮಾಲನ್ನು ಒಟ್ಟುಗೂಡಿಸಿ ಕಳುಹಿಸಬಹುದು, ಗೊಬ್ಬರವನ್ನು ತರಿಸಬಹುದು. ಒಬ್ಬೊಬ್ಬರಿಗೆ ಆಗದ್ದನ್ನು ಕೂಡಿ ಮಾಡುವುದಕ್ಕೇ ತಾನೇ ಸಂಘವಿರುವುದು? ನಕ್ಷೆ ತಯಾರಾಗುವಾಗಲೇ ಶೆಡ್ಡಿಗೆ ಜಾಗ ಬಿಡದಿದ್ದರೆ ಮುಂದೆ ಅದು ಎಂದಿಗೂ ಆಗದು.

ಮೂರನೆಯದಾಗಿ, ಹಳಿ ಹೋಗುವ ದಾರಿ. ಬ್ಯಾನ್ಫ್‌ನವರಂತೆ ಈಗಾಗಲೇ ಸೀಳಿದ ಜಾಗದ ಪಕ್ಕದಲ್ಲಿಯೇ ಹೋಗಲಿ. ಕುಶಾಲನಗರದಂಥ ಬೆಟ್ಟದ ಬುಡದಲ್ಲಿ ರೈಲು ನಿಲ್ಲಲಿ, ಮೇಲಕ್ಕೆ ಬಸ್ಸುಗಳು ಹೋಗಲಿ. ಜಾರುವ ಗುಡ್ಡಗಳನ್ನೂ ಆನೆದಾರಿಗಳನ್ನೂ ಮುಟ್ಟದಿರಲಿ. ಹಳಿಯ ದಿಬ್ಬವು ನಮ್ಮ ಹಳ್ಳ, ಬಸಿಗಾಲುವೆಗಳಿಗೆ ಅಡ್ಡ ಬಂದರೆ ಮೇಲಿನ ತೋಟದಲ್ಲಿ ನೀರು ನಿಲ್ಲುತ್ತದೆ, ಕಾಫಿಗೂ ಅಡಿಕೆಗೂ ಬೇರು ಕೊಳೆಯುತ್ತದೆ. ಸಾಕಷ್ಟು ಮೋರಿಗಳೂ, ತೋಟದ ದಾರಿಗೆ ಕೆಳಸೇತುವೆಗಳೂ ನಕ್ಷೆಯಲ್ಲಿಯೇ ಇರಬೇಕು.

ನಾಲ್ಕನೆಯದಾಗಿ, ಪರಿಹಾರ. ರೈಲ್ವೆಗೆಂದು ಭೂಮಿ ತೆಗೆದುಕೊಂಡರೂ ಪರಿಹಾರದ ಲೆಕ್ಕ 2013 ರ ಭೂಸ್ವಾಧೀನ ಕಾಯಿದೆಯ ಪ್ರಕಾರ ಆಗಬೇಕು. ಅದರಂತೆ ಮರ, ಗಿಡ, ನಿಂತ ಬೆಳೆಗಳ ಬೆಲೆಯನ್ನು ತಿಳಿದವರಿಂದ ಕಟ್ಟಿಸಲು ಅವಕಾಶವಿದೆ. ಒಟ್ಟು ಪರಿಹಾರದಷ್ಟೇ ಮೊತ್ತವನ್ನು ಮತ್ತೆ ಸಾಂತ್ವನ ಧನವಾಗಿ ಕೊಡಬೇಕು. ಜಮೀನು ಎರಡು ತುಂಡಾದದ್ದರಿಂದ ಆಗುವ ನಷ್ಟವನ್ನೂ ಲೆಕ್ಕ ಹಿಡಿಯಬೇಕು. ಮೂರು ಎಕರೆಯ ತೋಟದ ನಡುವೆ ಹಳಿ ಹೋದರೆ ಹೋದದ್ದು ಅರ್ಧ ಎಕರೆ ಮಾತ್ರವಲ್ಲ. ಉಳಿದ ಎರಡು ತುಂಡಿಗೆ ಔಷಧಿ ಹೊಡೆಯಲು ಎರಡು ದಾರಿ, ನೀರಿಗೆ ಎರಡು ಪಂಪು ಬೇಕು. ಅಡಿಕೆ ಸಸಿ ಫಲಕ್ಕೆ ಬರಲು ಐದಾರು ವರ್ಷ, ನೆರಳಿನ ಮರ ಬೆಳೆಯಲು ಒಂದು ತಲೆಮಾರು. ಈ ಲೆಕ್ಕವನ್ನು ನಾವು ಹೇಳದಿದ್ದರೆ ಸರ್ವೆಗೆ ಬಂದವರು ತಾವಾಗಿ ಬರೆದುಕೊಳ್ಳುವುದಿಲ್ಲ.

ಐದನೆಯದಾಗಿ, ಕಾರುಗಳ ಮಿತಿ. ನೀಲಗಿರಿಗೆ 1908 ರಿಂದಲೇ ಊಟಿಯವರೆಗೆ ರೈಲಿದೆ. ಆದರೂ ಮದ್ರಾಸ್ ಹೈಕೋರ್ಟು 2024 ರ ಮೇ ತಿಂಗಳಿಂದ ಅಲ್ಲಿಗೆ ಹೋಗುವ ವಾಹನಗಳಿಗೆ ಇ-ಪಾಸ್ ಕಡ್ಡಾಯ ಮಾಡಬೇಕಾಯಿತು. ರೈಲು ಬಂದ ದಿನವೇ ಬೆಟ್ಟದ ಮೇಲಿನ ಕಾರುಗಳ ಸಂಖ್ಯೆಗೂ ತೋಟ ಒಡೆದು ರೆಸಾರ್ಟು ಕಟ್ಟುವುದಕ್ಕೂ ಕಡಿವಾಣ ಬರಬೇಕು. ಈ ಮಾತು ನಮಗೂ ತಗಲುತ್ತದೆ. ಪಕ್ಕದವನ ರೆಸಾರ್ಟಿಗೆ ಮಿತಿ ಹಾಕಿ, ನನ್ನದಕ್ಕೆ ಬೇಡ ಎಂದರೆ ಯಾರು ಕೇಳಿಯಾರು?

ಸದಸ್ಯರಲ್ಲಿ ವಿನಂತಿ

ಕೇಳುವುದು ಒಂದು ಕಡೆಯಾದರೆ, ನಮ್ಮ ಮನೆಯ ಕೆಲಸ ಇನ್ನೊಂದು ಕಡೆಯಿದೆ. ಎಷ್ಟೋ ಸದಸ್ಯರ ಖಾತೆ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ. ಪಹಣಿಯಲ್ಲಿ ಅಡಿಕೆ ಇದ್ದರೂ ಬೇರೆ ಬೆಳೆ ನಮೂದಾಗಿರುವುದುಂಟು. ಯಾವ ಯೋಜನೆ ಬಂದರೂ ಮೊದಲು ಪೆಟ್ಟು ತಿನ್ನುವವನು ಕಾಗದ ಸರಿಯಿಲ್ಲದ ರೈತ. ಹಳಿ ಬರಲಿ ಬಾರದಿರಲಿ, ಈ ಬೇಸಗೆಯಲ್ಲಿ ಪೌತಿ ಖಾತೆ ಮಾಡಿಸಿಕೊಳ್ಳಿ, ಬೆಳೆ ನಮೂದು ಸರಿಪಡಿಸಿಕೊಳ್ಳಿ, ತೋಟದಲ್ಲಿರುವ ಮರಗಳನ್ನೂ ಮೆಣಸಿನ ಬಳ್ಳಿಗಳನ್ನೂ ಎಣಿಸಿ ಒಂದು ಪುಸ್ತಕದಲ್ಲಿ ಬರೆದಿಡಿ. ರೈಲ್ವೆ ಕಾಯಿದೆಯಡಿ ಭೂಸ್ವಾಧೀನದ ಅಧಿಸೂಚನೆ ಹೊರಟರೆ ಆಕ್ಷೇಪಣೆ ಸಲ್ಲಿಸಲು ಸಿಗುವುದು 30 ದಿನ ಮಾತ್ರ. ಆ ಮೂವತ್ತು ದಿನಗಳಲ್ಲಿ ತಾಲ್ಲೂಕು ಕಚೇರಿಗೆ ಅಲೆದು ಕಾಗದ ಹುಡುಕುವವನಿಗೆ ಆಕ್ಷೇಪಣೆ ಬರೆಯಲು ಹೊತ್ತೆಲ್ಲಿ?

ಗ್ರಾಮಸಭೆಗಳಲ್ಲಿ ಈ ಐದು ಬೇಡಿಕೆಗಳನ್ನು ಓದಿಸಿ ನಡಾವಳಿಯಲ್ಲಿ ಬರೆಯಿಸಬೇಕೆಂದು ಪ್ರಾರ್ಥಿಸುತ್ತೇವೆ. ಒಬ್ಬ ರೈತ ಬರೆದ ಅರ್ಜಿ ಕಡತದಲ್ಲಿ ಮಲಗುತ್ತದೆ, ಹತ್ತು ಊರಿನ ನಡಾವಳಿ ಅಷ್ಟು ಸುಲಭವಾಗಿ ಮಲಗುವುದಿಲ್ಲ. ಭಿನ್ನಾಭಿಪ್ರಾಯವಿರುವ ಸದಸ್ಯರು ತಮ್ಮ ವಿಚಾರವನ್ನು ಸಂಘದ ಕಚೇರಿಗೆ ಬರೆದು ತಿಳಿಸಿದರೆ ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.

ನಗರದವರು ನಮ್ಮ ಬೆಟ್ಟ ನೋಡಲು ಬರಲಿ. ಅವರು ಇಳಿದ ರೈಲಿಗೇ ನಮ್ಮ ಮಗಳು ಪುಸ್ತಕ ಹಿಡಿದು ಹತ್ತುವಂತಾಗಲಿ, ನಮ್ಮ ಸಂಘದ ಚೀಲವೂ ಏರುವಂತಾಗಲಿ. ಅಷ್ಟಾದರೆ ಆ ರೈಲನ್ನು ನಮ್ಮದೆನ್ನಲು ನಮಗೆ ಸಂಕೋಚವಿಲ್ಲ.